ಮೈನಸ್ 15ರಲ್ಲಿ ಸೈಕಲ್ ಮೀಟರ್ ಕೈಕೊಟ್ಟಾಗ

ನಾನಿರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಚಳಿಗಾಲದಲ್ಲೂ ಮಿಡ್‌ಟೌನ್ ಗ್ರೀನ್‌ವೇ ಅನ್ನೋ ಸೈಕಲ್ ದಾರಿ ಮೇಲೆ ಸೈಕಲ್ ತುಳ್ಕೊಂಡೇ ಆಫೀಸಿಗೆ ಹೋಗೋದು. ಜನವರಿಲಿ ಒಂದಿನ ಮೈನಸ್ 15, ಹೊರಟು ಹತ್ತು ನಿಮಿಷ ಆಗಿರ್ಬೇಕು, ವೈರ್‌ಲೆಸ್ ಮೀಟರಲ್ಲಿ ಸ್ಪೀಡು 18, 0, 18, 0 ಅಂತ ಕುಣಿಯೋಕೆ ಶುರು, ಅಂಕಿಗಳು ಒಂದರ ಮೇಲೊಂದು ನೆರಳು ಬಿದ್ದಂಗೆ. ಮನೆಗೆ ತಂದ್ರೆ ಅರ್ಧ ಗಂಟೇಲಿ ಏನೂ ಆಗೇ ಇಲ್ವೇನೋ ಅನ್ನೋ ಥರ ನೆಟ್ಟಗೆ ನಡೆಯುತ್ತೆ ಕಳ್ಳಂದು!

ಮೊದ್ಲು ಮೀಟರಿನ ಸೆಲ್ ಬದಲಾಯಿಸ್ದೆ, ದಂಡ. ಆಮೇಲೆ ಗೊತ್ತಾಯ್ತು, ತೊಂದರೆ ಇದ್ದಿದ್ದು ಮುಂದಿನ ಫೋರ್ಕ್‌ಗೆ ಕಟ್ಟಿರೋ, ಚಕ್ರ ತಿರುಗೋದನ್ನ ಮೀಟರಿಗೆ ತಿಳಿಸೋ ಸೆನ್ಸರಲ್ಲಿ. ಅದರೊಳಗಿನ ಸಿಆರ್2032 ಬಟನ್ ಸೆಲ್ ಹಳೇದು, ಮಲ್ಟಿಮೀಟರಲ್ಲಿ 2.9 ವೋಲ್ಟ್ ತೋರಿಸ್ತು, ಚೆನ್ನಾಗೇ ಇದೆ ಅಂತ ನಾನೇ ಮೋಸ ಹೋದೆ, ಚಳೀಲಿ ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗಿ ಸಿಗ್ನಲ್ ಕಳಿಸೋ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತೆ. ಹೊಸ ಸೆಲ್ ಹಾಕಿ, ಕಾಂಟ್ಯಾಕ್ಟ್ ಪ್ಲೇಟನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಚಕ್ರದ ಕಡ್ಡಿ ಮೇಲಿನ ಮ್ಯಾಗ್ನೆಟ್ಟಿಗೂ ಸೆನ್ಸರಿಗೂ 3 ಮಿಲಿಮೀಟರ್ ಗ್ಯಾಪ್ ಇಟ್ಟೆ, ಕುಣಿತ ನಿಂತೋಯ್ತು.

ನೆರಳಿನ ಕಥೆ ಬೇರೆ. ಮೀಟರಿನ ಎಲ್‌ಸಿಡಿ ಪರದೆ ಒಳಗಿನ ದ್ರವ ಚಳಿಗೆ ಮಂದ ಆಗುತ್ತೆ, ಅದಕ್ಕೆ ರಿಪೇರಿ ಇಲ್ಲ, ಹೊರಡೋವರೆಗೂ ಮೀಟರನ್ನ ಜಾಕೆಟ್ಟಿನ ಒಳಜೇಬಲ್ಲಿ ಬೆಚ್ಚಗಿಡ್ತೀನಿ ಅಷ್ಟೆ. ಹಿಂದಿನ ಲೈಟಿನ ಆಲ್ಕಲೈನ್ ಸೆಲ್ ತೆಗೆದು 1.5 ವೋಲ್ಟಿನ ಲಿಥಿಯಂ ಹಾಕಿದೀನಿ, ರೇಟು ಜಾಸ್ತಿ ಆದ್ರೂ ಬೆಳಕು ಮಂಕಾಗಲ್ಲ. ಇನ್ನೊಂದು, ಮೀಟರನ್ನ ಮನೆಯೊಳಗೆ ತರೋಕ್ ಮುಂಚೆ ಹೊರಗೇ ಜಿಪ್ ಕವರಿಗೆ ಹಾಕಿ, ಇಲ್ದಿದ್ರೆ ಗಾಜಿನ ಒಳಗಡೆ ನೀರು ಕೂರುತ್ತೆ.