ಏಳನೇ ಮಹಡಿಯಲ್ಲಿ ಗವಾಯ್: ನನ್ನ ಅನುಭವ

ಮಲೇಷ್ಯಾದ ಜೋಹೋರ್‌ನ ಪಾಸಿರ್ ಗುಡಾಂಗ್‌ಗೆ ನಾನು ಬಂದು ಹತ್ತು ಹನ್ನೊಂದು ವರ್ಷವಾಯಿತು. ಹಡಗು ಕಟ್ಟುವ ಕಡೆ ವೆಲ್ಡಿಂಗ್ ಕೆಲಸ. ಸಮುದ್ರದಾಚೆ ಬೋರ್ನಿಯೋ ದ್ವೀಪದ ಸರವಾಕ್‌ನಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಇಬಾನರು, ಅಂದರೆ ದಾಯಕ್ ಬುಡಕಟ್ಟಿನವರು, ಈ ಊರಲ್ಲಿ ಜಾಸ್ತಿ. ಆದರೆ ಸರವಾಕ್‌ನಲ್ಲಿ ನಮ್ಮ ಸುಗ್ಗಿ ಹಬ್ಬ ಗವಾಯ್ ದಾಯಕ್‌ಗೆ ಜೂನ್ 1 ಮತ್ತು 2 ರಜೆ. ಇಲ್ಲಿ ಅವು ಬರೀ ಕೆಲಸದ ದಿನ.

ಊರಿಗೇ ಹೋಗಿಬರಬಹುದಲ್ವಾ ಅಂತ ಕೇಳುತ್ತಾರೆ. ಒಂದು ವರ್ಷ ನಾಲ್ಕು ಜನ ಹೋದೆವು. ಸಿಬುವರೆಗೆ ವಿಮಾನ, ಅಲ್ಲಿಂದ ರಜಾಂಗ್ ನದಿಯಲ್ಲಿ ಮೂರು ಗಂಟೆ ಬೋಟು, ಕಪಿತ್‌ನಿಂದ ಮುಂದಕ್ಕೆ ಇನ್ನೊಂದು ದೋಣಿ. ಹಬ್ಬದ ಸಮಯದಲ್ಲಿ ಟಿಕೆಟ್ ಮುಟ್ಟೋ ಹಾಗಿರಲಿಲ್ಲ. ಎಲ್ಲ ಸೇರಿ ಮೂರೂವರೆ ಸಾವಿರ ರಿಂಗಿಟ್ ದಾಟಿತು. ಆ ಸಾಲ ತೀರಿಸೋಕೆ ಆರು ತಿಂಗಳು ಓವರ್‌ಟೈಮ್ ಮಾಡಿದೆ.

ಆಮೇಲೆ ಎರಡು ವರ್ಷ ಹಾಲ್ ಬಾಡಿಗೆಗೆ ಹಿಡಿದು ಮಾಡಿದೆವು. ಬಾಡಿಗೆ 1,200, ಮೈಕಿಗೆ 400, ಊಟಕ್ಕೆ ಬೇರೆ. ವೇದಿಕೆ ಮೇಲೆ ನಮ್ಮ ಙಜಾತ್ ಕುಣಿತ, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಜನ. ಭಾಷಣ ಮುಗಿಯಿತು, ಊಟದ ಪೊಟ್ಟಣ ಕೊಟ್ಟರು, ಹತ್ತು ಗಂಟೆಗೆ ಹಾಲ್ ಖಾಲಿ. ನನ್ನ ಮಗಳು ಕೇಳಿದಳು: ‘ಅಪಾಯ್ (ಅಪ್ಪ), ಇಷ್ಟೇನಾ?’ ಅವತ್ತು ನನಗೆ ನಿದ್ದೆ ಬರಲಿಲ್ಲ.

ತಪ್ಪು ಹೊಳೆದದ್ದು ಒಂದು ರಾತ್ರಿ ಪಾಳಿ ಮುಗಿಸಿ ಬಂದಾಗ. ನಮ್ಮ ಏಳನೇ ಮಹಡಿಯ ಉದ್ದಕ್ಕೂ ಒಂದೇ ಪಡಸಾಲೆ, ಒಂದು ಬದಿಗೆ ಸಾಲಾಗಿ ಹನ್ನೆರಡು ಬಾಗಿಲು, ಬಾಗಿಲ ಮುಂದೆಲ್ಲ ಚಪ್ಪಲಿ. ಅಲ್ಲೇ ನಿಂತುಬಿಟ್ಟೆ. ಇದು ನಮ್ಮ ಉದ್ದಮನೆಯ ರೂಆಯ್ ಅಲ್ದೆ ಇನ್ನೇನು? ಊರಲ್ಲಿ ನಮ್ಮದು 24 ಬಾಗಿಲಿನ ಮನೆ. ಒಂದೊಂದು ಬಾಗಿಲ ಹಿಂದೆ ಒಂದೊಂದು ಸಂಸಾರ, ಎಲ್ಲರಿಗೂ ಸೇರಿ ಒಂದು ರೂಆಯ್, ಅಂದರೆ ಉದ್ದ ಪಡಸಾಲೆ. ಗವಾಯ್ ದಿನ ಯಾರೂ ಕೂತು ನೋಡುವುದಿಲ್ಲ. ಮನೆಯಿಂದ ಮನೆಗೆ ಹೋಗುತ್ತಾರೆ, ಪ್ರತಿ ಬಾಗಿಲಲ್ಲೂ ಒಂದು ಗ್ಲಾಸು ತುವಾಕ್, ನಮ್ಮ ಅಕ್ಕಿ ಹೆಂಡ. ನಾವು ಹಾಲ್‌ನಲ್ಲಿ ಬಾಗಿಲನ್ನೇ ಬಿಟ್ಟಿದ್ದೆವು.

ಹನ್ನೆರಡರಲ್ಲಿ ನಾಲ್ಕು ಮನೆ ಇಬಾನರದು, ಒಂದು ಸರವಾಕ್‌ನದೇ ಇನ್ನೊಂದು ದಾಯಕ್ ಬುಡಕಟ್ಟಾದ ಬಿದಾಯುಹ್‌ರದು. ಈ ಸಲ ಗವಾಯ್ ಇಲ್ಲೇ ಮಾಡೋಣ, ಐದು ಬಾಗಿಲು ಸಾಕು ಅಂದೆ. ನಮ್ಮ ಅಯಾ, ಅಂದರೆ ಚಿಕ್ಕಪ್ಪ, ಒಪ್ಪಲೇ ಇಲ್ಲ. ‘ನೆಲ ಇಲ್ಲ, ಹೊಳೆ ಇಲ್ಲ, ಗದ್ದೆ ಇಲ್ಲ, ಎಂಥಾ ಗವಾಯ್ ಮಾರಾಯ?’ ಅಂದರು. ಹೆಚ್ಚಿನವರು ಅವರ ಮಾತಿಗೇ ತಲೆಯಾಡಿಸಿದರು.

ಆದರೂ ನಾನು ಬಿಡಲಿಲ್ಲ. ಮೊದಲು ತುವಾಕ್ ಸರಿಯಾಗಬೇಕಿತ್ತು. ಅಂಗಡಿಯಲ್ಲಿ ಕೊಂಡದ್ದನ್ನು ಬಾಗಿಲಲ್ಲಿ ಕೊಟ್ಟರೆ ಮರ್ಯಾದೆ ಉಳಿಯಲ್ಲ. ಮೊದಲ ಸಲ ಐದು ಕಿಲೋ ಪುಲುತ್, ಅಂದರೆ ಅಂಟು ಅಕ್ಕಿ, ಹುಳಿಯಾಗಿ ಹೋಯಿತು. ಅನ್ನ ಇನ್ನೂ ಬೆಚ್ಚಗಿರುವಾಗಲೇ ರಾಗಿ ಉದುರಿಸಿದ್ದೆ. (ನಾವು ರಾಗಿ ಅನ್ನೋದು ಹುದುಗು ಬರಿಸುವ ಬಿಳಿ ಬಿಲ್ಲೆಗೆ, ಕಾಳಿಗಲ್ಲ.) ಎರಡನೇ ಸಲ ಬೂಸ್ಟು ಬಂತು, ಜಾಡಿ ಒರೆಸಿದ ಬಟ್ಟೆ ಒದ್ದೆಯಿತ್ತು. ಎರಡೂ ಸೇರಿ ನೂರೈವತ್ತು ರಿಂಗಿಟ್ ನೀರುಪಾಲು. ಈಗ ಅನ್ನವನ್ನು ಚಾಪೆ ಮೇಲೆ ಹರಡಿ, ಅಂಗೈ ಇಟ್ಟರೆ ತಣ್ಣಗೆ ಅನ್ನಿಸುವವರೆಗೆ ಬಿಡುತ್ತೇನೆ. ಕಿಲೋಗೆ ನಾಲ್ಕೈದು ಬಿಲ್ಲೆ. ವಾರದ ಮೇಲೆ ಆರಿದ ಸಕ್ಕರೆ ನೀರು, ಮತ್ತೆರಡು ವಾರ ಕೈ ಹಚ್ಚೋದಿಲ್ಲ. ಫ್ಲಾಟಿನ ಸೆಖೆಯಲ್ಲಿ ಜಾಡಿ ಎಲ್ಲಿಡಬೇಕು, ಬಿಲ್ಲೆಯ ಜೊತೆ ಏನು ಕುಟ್ಟಬೇಕು, ಈ ಎರಡು ಮಾತ್ರ ನನ್ನಲ್ಲೇ ಇರಲಿ. ಅದು ನಮ್ಮ ಇನಿ, ಅಂದರೆ ಅಜ್ಜಿ, ನನಗೊಬ್ಬನಿಗೇ ಹೇಳಿದ್ದು.

ಮಧ್ಯೆ ಕಪ್ಪು ಪುಲುತ್‌ನಲ್ಲೂ ಎರಡು ಕಿಲೋ ಹಾಕಿ ನೋಡಿದೆ. ಬಣ್ಣ ನೇರಳೆ ಹಣ್ಣಿನ ಹಾಗೆ ಬಂತು, ರುಚಿ ಸ್ವಲ್ಪ ಒಗರು. ಹೆಂಗಸರಿಗೆ ಅದೇ ಇಷ್ಟವಾಯಿತು. ಬಿದಿರಲ್ಲಿ ಕೋಳಿ ಬೇಯಿಸುವ ಪಾನ್ಸೋಹ್‌ಗೆ ಗ್ಯಾಸ್ ಒಲೆ ಆಗಲ್ಲ, ಬಿದಿರು ಸೀಳಿತು. ಕೊನೆಗೆ ಕೆಳಗೆ ಪಾರ್ಕಿಂಗ್ ಪಕ್ಕ ಇದ್ದಿಲು ಹಾಕಿ ಬೇಯಿಸಿದೆವು.

ಉಳಿದ ಏಳು ಮನೆಗಳಲ್ಲಿ ಹೆಚ್ಚಿನವು ಮಲಯ ಮುಸ್ಲಿಮರದು. ಹದಿನೈದು ದಿನ ಮುಂಚೆಯೇ ಪ್ರತಿ ಮನೆಗೂ ಹೋಗಿ ಹೇಳಿಬಂದೆ. ಅವರ ಬಾಗಿಲ ಮುಂದೆ ತುವಾಕ್ ತರಲಿಲ್ಲ. ಹಂದಿ ಮಾಂಸ ಮನೆಯೊಳಗೇ ಇಟ್ಟೆವು. ಅವರ ಮಕ್ಕಳಿಗೆ ಪೆಂಗಾನನ್ ಇರಿ, ನಮ್ಮ ಕರಿದ ಸಿಹಿ, ಬೇರೆ ಎಣ್ಣೆಯಲ್ಲಿ ಕರಿದೆವು. ಆ ಕಡೆಯ ಕೊನೆ ಮನೆಯ ಅಜ್ಜಿ ತಾವೇ ಚಾಪೆ ತಂದುಕೊಟ್ಟರು.

ಮೇ 31ರ ಸಂಜೆ ಮುಆಯ್ ಅಂತು ರುಆ. ಆಸೆಬುರುಕತನದ ಭೂತವನ್ನು ಆಚೆ ಹಾಕುವ ಶಾಸ್ತ್ರ. ಊರಲ್ಲಿ ಇಬ್ಬರು ಮೊರ ಎಳೆದುಕೊಂಡು ಬಾಗಿಲಿಂದ ಬಾಗಿಲಿಗೆ ಹೋಗುತ್ತಾರೆ, ಪ್ರತಿ ಮನೆಯವರೂ ಬೇಡದ್ದೊಂದು ಅದಕ್ಕೆ ಎಸೆಯುತ್ತಾರೆ, ಆಮೇಲೆ ಮನೆಯ ತುದಿಯಿಂದ ಕೆಳಗೆ ಚೆಲ್ಲುತ್ತಾರೆ. ಇಲ್ಲಿ ನನ್ನ ಮಗಳು, ಬಿದಾಯುಹ್ ಹುಡುಗ ಸೇರಿ ಬಟ್ಟೆ ಬುಟ್ಟಿಗೆ ಹಗ್ಗ ಕಟ್ಟಿ ಎಳೆದರು. ಸಿಮೆಂಟ್ ಮೇಲೆ ಅದರ ಕರಕರ ಸದ್ದು. ಒಬ್ಬರು ಸೋಲ್ ಕಿತ್ತ ಸೇಫ್ಟಿ ಬೂಟು ಹಾಕಿದರು, ಒಬ್ಬರು ಕೆಟ್ಟ ಚಾರ್ಜರ್. ಅಯಾ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಜೇಬಿನಿಂದ ಲಾಟರಿ ಚೀಟಿಗಳ ಕಂತೆ ತೆಗೆದು ಬುಟ್ಟಿಗೆ ಹಾಕಿದರು. ಮಕ್ಕಳು ಬುಟ್ಟಿಯನ್ನು ಲಿಫ್ಟಿನಲ್ಲಿ ಇಳಿಸಿ ಕಸದ ತೊಟ್ಟಿಗೆ ಸುರಿದುಬಂದರು.

ಖರ್ಚು ಒಟ್ಟು 900 ಆಸುಪಾಸು, ಐದು ಮನೆಗೆ ಹಂಚಿದರೆ ತಲಾ 180. ಬಂದವರು ಅರವತ್ತಕ್ಕೂ ಜಾಸ್ತಿ. ರಾತ್ರಿ ಹನ್ನೆರಡಕ್ಕೆ ಎಲ್ಲರೂ ಗ್ಲಾಸ್ ಎತ್ತಿ ಆಯಿ ಪೆಂಗಾಯು, ಆಯುಸ್ಸಿನ ತುವಾಕ್, ಕುಡಿದೆವು. ‘ಗಾಯು ಗುರು, ಗೆರಾಯ್ ಞಾಮಾಯ್!’ ಅಂದರೆ ಆಯುಸ್ಸು, ಆರೋಗ್ಯ, ಸುಖ ಸಿಗಲಿ ಅಂತ. ಬೆಳಗಿನ ಮೂರಾದರೂ ಯಾರೂ ಎದ್ದು ಹೋಗಲಿಲ್ಲ. ಅಯಾ ಙಜಾತ್ ಕುಣಿದರು.

ಹಿಂದೆ ನಮ್ಮ ಗಂಡಸರು ಬೆಜಲಾಯ್ ಅಂತ ದೂರ ದುಡಿಯಲು ಹೋಗಿ ಜಾಡಿ, ಜಾಗಟೆ ತರುತ್ತಿದ್ದರು. ಅಜ್ಜ ಹಾಗೆ ತಂದ ಜಾಡಿ ಊರಲ್ಲಿದೆ. ಈ ಹಬ್ಬಕ್ಕೆ ಕಳಿಸು ಅಂತ ಅಮ್ಮನನ್ನು ಕೇಳಿದ್ದೆ. ‘ಅದು ಮನೆ ಬಿಟ್ಟು ಬರೋಲ್ಲ, ನೀನು ಬಾ’ ಅಂದಿದ್ದಳು. ಹಾಗಾಗಿ ಗಾಜಿನ ಭರಣಿಯಲ್ಲೇ ಮಾಡಿದ್ದು. ಆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಭರಣಿಯ ಮುಚ್ಚಳ ತೆಗೆಸಿ ಬಣ್ಣ ನೋಡಿದಳು. ‘ಗ್ಲಾಸಿಗೆ ಹಾಕು, ಬೆಳಕಿಗೆ ಹಿಡಿ’ ಅಂದಳು. ಹಿಡಿದೆ. ‘ಇನ್ನೆರಡು ದಿನ ಬಿಡಬೇಕಿತ್ತು’ ಅಂದಳು. ಆಮೇಲೆ, ‘ನಿನ್ನ ಪಕ್ಕದ ಬಾಗಿಲಿನವರು ಯಾರು, ಫೋನ್ ಕೊಡು’ ಅಂದಳು.