ಪೆರ್ಲದಿಂದ ಬೆಂಗಳೂರಿಗೆ ಯಾವ ದಾರಿ?

ಸಂಜೆ ಏಳು ಗಂಟೆ ಆದರೆ ಸಾಕು, ನನ್ನ ಕೆಲಸ ನಿಲ್ಲುತ್ತಿತ್ತು. ಕಾಸರಗೋಡು ಜಿಲ್ಲೆಯ ಪೆರ್ಲದ ಮನೆಯಲ್ಲಿ ಕೂತು ಬೆಂಗಳೂರಿನ ಆಫೀಸಿನ ಸರ್ವರ್ ನೋಡಿಕೊಳ್ಳುವುದು ನನ್ನ ಉದ್ಯೋಗ. ರಾತ್ರಿ ಪಾಳಿಯೇ ಜಾಸ್ತಿ. ಟೈಪ್ ಮಾಡಿದ ಅಕ್ಷರ ಐದು ಸೆಕೆಂಡ್ ಬಿಟ್ಟು ಸ್ಕ್ರೀನಿಗೆ ಬರುತ್ತಿತ್ತು. ಇಂಟರ್ನೆಟ್ ಲೈನಿನ ಹುಡುಗನಿಗೆ ಫೋನ್ ಮಾಡಿದರೆ, "ಅಣ್ಣಾ, ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ ನೋಡಿ" ಅನ್ನುತ್ತಿದ್ದ. ಮಾಡಿದರೆ ಸ್ಪೀಡ್ ಪೂರ್ತಿ ಇರುತ್ತಿತ್ತು. ಅವನ ತಪ್ಪೂ ಅಲ್ಲ. ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರ್ ಹುಡುಕಿ ಅಲ್ಲಿವರೆಗೆ ಅಳೆಯುತ್ತದೆ. ನನ್ನ ತೊಂದರೆ ಅದಕ್ಕಿಂತ ಆಚೆ ಇತ್ತು.

ಹಾಗಾಗಿ ನಮ್ಮಿಂದ ಸರ್ವರಿನವರೆಗಿನ ದಾರಿ ತೋರಿಸುವ ಪಿಂಗ್‌ಪ್ಲಾಟರ್ ಎಂಬ ಸಾಫ್ಟ್‌ವೇರ್ ಹಾಕಿದೆ. ಅದರ ಒಳಗಿನ ಕೆಲಸ ದಾರಿ ಹುಡುಕುವ ಹಳೆಯ ಟ್ರೇಸ್‌ರೂಟ್ ಕಮಾಂಡಿನದ್ದೇ. ಇಂಟರ್ನೆಟ್ಟಿನಲ್ಲಿ ಮಾಹಿತಿ ಪ್ಯಾಕೆಟ್ ಎಂಬ ಚಿಕ್ಕ ತುಂಡುಗಳಾಗಿ ಹೋಗುತ್ತದೆ, ಪ್ರತಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ಪ್ಯಾಕೆಟ್ಟನ್ನು ಮುಂದೆ ದಾಟಿಸುವ ದಾರಿಯ ಪ್ರತಿ ರೂಟರ್ ಅದರಿಂದ ಒಂದು ಕಳೆಯುತ್ತದೆ. ಎಲ್ಲಿ ಸೊನ್ನೆ ಆಯಿತೋ ಆ ರೂಟರ್ ಪ್ಯಾಕೆಟ್ ಬಿಸಾಡಿ, ಬಿಸಾಡಿದೆ ಎಂದು ನಮಗೆ ತಿಳಿಸುತ್ತದೆ. ಟಿಟಿಎಲ್ 1, 2, 3 ಎಂದು ಏರಿಸುತ್ತಾ ಹೋದರೆ ದಾರಿಯ ಒಂದೊಂದೇ ಹಾಪ್, ಅಂದರೆ ನಿಲ್ದಾಣ, ಕಾಣುತ್ತದೆ. ಟ್ರೇಸ್‌ರೂಟ್ ಇದನ್ನು ಒಮ್ಮೆ ಮಾಡಿ ಸುಮ್ಮನಾಗುತ್ತದೆ. ಪಿಂಗ್‌ಪ್ಲಾಟರ್ ನಾವು ಬದಲಿಸದಿದ್ದರೆ 2.5 ಸೆಕೆಂಡಿಗೊಮ್ಮೆ ಮಾಡುತ್ತಲೇ ಇದ್ದು, ಎಲ್ಲವನ್ನೂ ಗ್ರಾಫ್ ಆಗಿ ಉಳಿಸಿಡುತ್ತದೆ. ದುಡ್ಡು ಕೊಡದೆ ಮಾಡಬೇಕು ಅನ್ನುವವರಿಗೆ ಇದೇ ಕೆಲಸ ಮಾಡುವ ಎಂಟಿಆರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದೂ ಒಳ್ಳೆಯದೇ, ಆದರೆ ಹಿಂದಿನ ದಿನದ ದಾರಿ ನೋಡಬೇಕಾದರೆ ನಾವೇ ಸ್ಕ್ರಿಪ್ಟ್ ಬರೆದು ಉಳಿಸಿಕೊಳ್ಳಬೇಕು.

ಮೊದಲು ಲ್ಯಾಪ್‌ಟಾಪನ್ನು ವೈಫೈಯಿಂದ ಬಿಡಿಸಿ ಲ್ಯಾನ್ ಕೇಬಲ್ ಚುಚ್ಚಿದೆ. ಸ್ಲೀಪ್ ಆಫ್ ಮಾಡಿದೆ. ಗುರಿಯಾಗಿ ಗೂಗಲಿನ 8.8.8.8 ವಿಳಾಸ ಕೊಟ್ಟೆ, ಎಲ್ಲರೂ ಕೊಡುವುದು ಅದನ್ನೇ ಅಲ್ವಾ? ಅದು ಉಪಯೋಗಕ್ಕೆ ಬರಲಿಲ್ಲ. ಆ ಒಂದೇ ವಿಳಾಸಕ್ಕೆ ಬೇರೆ ಬೇರೆ ಊರುಗಳಿಂದ ಉತ್ತರ ಬರುತ್ತದೆ, ಹತ್ತಿರದ್ದು ಸಿಕ್ಕಿದರೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ನಾವು ನಿಜವಾಗಿ ಬಳಸುವ ಸರ್ವರನ್ನೇ ಗುರಿ ಮಾಡಬೇಕು. ನಮ್ಮ ಆಫೀಸಿನ ಫೈರ್‌ವಾಲ್, ಅಂದರೆ ನೆಟ್‌ವರ್ಕಿನ ಕಾವಲು, ‘ಇದ್ದೀಯಾ?’ ಎಂದು ಕೇಳುವ ಪಿಂಗಿಗೆ ಉತ್ತರ ಕೊಡುತ್ತಿರಲಿಲ್ಲ. ಆಫೀಸಿನಲ್ಲಿ ಒಪ್ಪಿಗೆ ಕೇಳಿ ಪಿಂಗ್ ಬಿಟ್ಟು ಟಿಸಿಪಿ ಎಂಬ ಬೇರೆ ವಿಧಾನಕ್ಕೆ ಬದಲಿಸಿ, ವೆಬ್‌ಸೈಟುಗಳು ಬಳಸುವ 443ನೇ ಪೋರ್ಟ್ ಕೊಟ್ಟೆ. ಆಗ ಕೊನೆಯ ಹಾಪ್ ಮಾತಾಡಿತು.

ಮೊದಲ ರಾತ್ರಿಯೇ ನಾಲ್ಕನೇ ಹಾಪಿನಲ್ಲಿ ಶೇಕಡಾ 40 ಲಾಸ್, ಅಂದರೆ ಅಷ್ಟು ಪ್ಯಾಕೆಟ್ಟಿಗೆ ಉತ್ತರವೇ ಇಲ್ಲ! ಸಿಕ್ಕಿಬಿತ್ತು ಎಂದು ತಕ್ಷಣ ಇಂಟರ್ನೆಟ್ ಕಂಪನಿಗೆ ದೂರು ಬರೆದೆ. ಅದು ನನ್ನ ತಪ್ಪು. ಐದನೇ ಹಾಪಿನಿಂದ ಕೊನೆಯವರೆಗೂ ಲಾಸ್ ಸೊನ್ನೆ ಇತ್ತು. ರೂಟರಿಗೆ ಪ್ಯಾಕೆಟ್ ಮುಂದೆ ಕಳಿಸುವುದು ಮುಖ್ಯ ಕೆಲಸ, ನಮಗೆ ಉತ್ತರ ಕೊಡುವುದು ಬಿಡುವಾದಾಗ. ಅದಕ್ಕೆ ಮಿತಿಯನ್ನೂ ಹಾಕಿರುತ್ತಾರೆ. ಒಂದು ಹಾಪಿನಲ್ಲಿ ಶುರುವಾದ ಲಾಸ್ ಕೊನೆಯ ಹಾಪಿನವರೆಗೂ ಮುಂದುವರಿದರೆ ಮಾತ್ರ ಅದು ನಿಜವಾದ ಲಾಸ್. ಇದೊಂದು ಗೊತ್ತಿಲ್ಲದೆ ಎಷ್ಟು ಜನ ಸುಮ್ನೆ ಜಗಳ ಮಾಡುತ್ತಾರೋ!

ರೂಟ್ ಬದಲಾದಾಗ ಅಲರ್ಟ್ ಬರುವ ಹಾಗೆ ಮಾಡಿದ್ದು ಆಮೇಲೆ. ಬೆಳಿಗ್ಗೆ ಎದ್ದು ನೋಡಿದರೆ ನೂರಾರು ಮೇಲ್. ಆರನೇ ಹಾಪಿನಲ್ಲಿ ಎರಡು ರೂಟರುಗಳು ಲೋಡ್ ಹಂಚಿಕೊಳ್ಳುತ್ತಿದ್ದವು. ಒಮ್ಮೆ ಇದು, ಒಮ್ಮೆ ಅದು. ಅದು ದಾರಿ ಬದಲಾದಂತಲ್ಲ. ಎಲ್ಲಾ ಬದಲಾವಣೆಗೂ ಅಲರ್ಟ್ ಇಡುವುದನ್ನು ಬಿಟ್ಟೆ. ಒಂದು ವಾರದ ದಾಖಲೆ ನೋಡಿ, ಕೆಟ್ಟ ಸಂಜೆಗಳಲ್ಲಿ ಮಾತ್ರ ಕಾಣುವ ಒಂದು ಐಪಿ, ಅಂದರೆ ರೂಟರಿನ ವಿಳಾಸ, ಹುಡುಕಿದೆ. ಆ ಐಪಿ ದಾರಿಯಲ್ಲಿ ಬಂದರೆ ಮಾತ್ರ ಮೇಲ್ ಕಳಿಸು ಎಂದು ಇಟ್ಟೆ.

ಆಗ ವಿಷಯ ಬಿಚ್ಚಿಕೊಂಡಿತು. ನಾವು ಬೆಂಗಳೂರಿಗೆ ಹೋಗುವುದು ಅಡ್ಕಸ್ಥಳ, ವಿಟ್ಲ, ಕಲ್ಲಡ್ಕ ದಾಟಿ ಶಿರಾಡಿ ಘಾಟಿ ಹತ್ತಿ. ನನ್ನ ಪ್ಯಾಕೆಟ್ ಹಗಲಲ್ಲಿ ಕೊಚ್ಚಿಗೆ ಇಳಿದು, ಚೆನ್ನೈ ಮುಟ್ಟಿ, ಬೆಂಗಳೂರಿಗೆ ಹೋಗುತ್ತಿತ್ತು. ಹೋಗಿ ಬರಲು 26 ಮಿಲಿಸೆಕೆಂಡ್. ಸಂಜೆ ಏಳರ ಹೊತ್ತಿಗೆ ಅದೇ ಪ್ಯಾಕೆಟ್ ಮುಂಬೈ ಸುತ್ತಿ ಬರುತ್ತಿತ್ತು, 51 ಮಿಲಿಸೆಕೆಂಡ್. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗುವಾಗಲೂ ಬರುವಾಗಲೂ ದಾರಿ 100 ಕಿಲೋಮೀಟರ್ ಹೆಚ್ಚಾದರೆ ಹೋಗಿ ಬರಲು ಒಂದು ಮಿಲಿಸೆಕೆಂಡ್ ಹೆಚ್ಚು. ಮುಂಬೈ ಸುತ್ತಿದರೆ ತಡ ಹೆಚ್ಚುವುದು ಸಹಜ. ಆದರೆ ಸ್ಕ್ರೀನ್ ನಿಲ್ಲುವುದಕ್ಕೆ ಈ ತಡ ಕಾರಣ ಅಲ್ಲ. ಆ ದಾರಿಯ ಏಳನೇ ಹಾಪಿನಿಂದ ಕೊನೆಯವರೆಗೂ ಶೇಕಡಾ 8ರ ಆಸುಪಾಸಿನಲ್ಲಿ ಲಾಸ್ ಇತ್ತು. ತೊಂದರೆ ಅದು.

ಈ ಹಾಪ್‌ಗಳ ಪಟ್ಟಿ ನಾವು ಹೋಗುವ ದಾರಿಯನ್ನು ಮಾತ್ರ ತೋರಿಸುತ್ತದೆ. ಉತ್ತರ ಬೇರೆ ದಾರಿಯಲ್ಲಿ ಬರಬಹುದು. ಅದಕ್ಕೆ ಆಫೀಸಿನ ಗೆಳೆಯನಿಗೆ ಹೇಳಿ ಅಲ್ಲಿಂದ ನನ್ನ ಕಡೆಗೂ ಒಂದು ಟ್ರೇಸ್ ಓಡಿಸಿದೆ. ನನ್ನ ಲೈನಿಗೆ ಹೊರಗಿನ ಐಪಿ ಇರಲಿಲ್ಲ, ಸಿಜಿನ್ಯಾಟ್, ಅಂದರೆ ಒಂದೇ ಹೊರಗಿನ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚುವುದು. ಹಾಗಾಗಿ ಅದು ಮನೆಯವರೆಗೆ ಬರದೆ ಕಂಪನಿಯ ಗೇಟಿನಲ್ಲೇ ನಿಂತಿತು. ಅಷ್ಟೇ ಸಾಕಾಯಿತು. ಬರುವ ದಾರಿ ಸರಿ ಇತ್ತು.

ಎರಡು ವಾರದ ಗ್ರಾಫು, ರೂಟ್ ಬದಲಾದ ಸಮಯಗಳು, ಎರಡೂ ಬದಿಯ ಟ್ರೇಸ್ ಸೇರಿಸಿ ಈ ಸಲ ಸಮಾಧಾನದಿಂದ ಮೇಲ್ ಬರೆದೆ. ಲೈನಿನ ಹುಡುಗನೇ ಅದನ್ನು ಮೇಲಿನವರಿಗೆ ಮುಟ್ಟಿಸಿದ. ಒಂಬತ್ತನೇ ದಿನದಿಂದ ಸಂಜೆಯೂ 26 ಮಿಲಿಸೆಕೆಂಡ್.

ಗ್ರಾಫ್ ಈಗಲೂ ಓಡುತ್ತಿದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಶುರುವಾದರೆ ಎಲ್ಲ ವಯರ್ ಕಿತ್ತಿಡುತ್ತೇನೆ, ಗ್ರಾಫಿನಲ್ಲಿ ದೊಡ್ಡ ಖಾಲಿ ಬೀಳುತ್ತದೆ. ಅಲ್ಲಿ ‘ಸಿಡಿಲು, ನಾನೇ ಕಿತ್ತದ್ದು’ ಎಂದು ಬರೆದಿಡುತ್ತೇನೆ. ಮುಂದೆ ಯಾವಾಗಲಾದರೂ ದೂರು ಕೊಡಬೇಕಾಗಿ ಬಂದರೆ, ಆ ಖಾಲಿ ಲೈನಿನವರ ಲೆಕ್ಕಕ್ಕೆ ಹೋಗಬಾರದು.