ಹಳೆಯ ಪೆಂಟಿಯಂ, ಹೊಸ ಥ್ರೆಡ್‌ರಿಪ್ಪರ್: ಹೋಲಿಸಿ ನೋಡುವ ಕ್ರಮ

ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಮಾಡಿಕೊಡುವ ಬದಿಯಡ್ಕದ ಡಿಟಿಪಿ ಅಂಗಡಿಗೂ, ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಎಡಿಟ್ ಮಾಡುವ ಕುಂಬಳೆಯ ಸ್ಟುಡಿಯೋಗೂ ಬೇಕಾದ ಪ್ರೊಸೆಸರ್ ಬೇರೆ ಬೇರೆ. ಹಳೆಯ ಪೆಂಟಿಯಂ ತೆಗೆದು ವರ್ಕ್‌ಸ್ಟೇಷನ್ ಹಾಕಿಸಲು ಮಂಗಳೂರಿಗೆ ಹೊರಡುವ ಮೊದಲು, ನಿಮ್ಮ ಕೆಲಸ ಎಷ್ಟು ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ತಿನ್ನುತ್ತದೆ ಎಂದು ತಿಳಿದುಕೊಳ್ಳಿ.

ಉದಾಹರಣೆಗೆ ಎರಡು ತುದಿಗಳನ್ನು ಹಿಡಿಯೋಣ. 2017ರ ಜನವರಿಯಲ್ಲಿ ಬಂದ ಇಂಟೆಲ್ ಪೆಂಟಿಯಂ ಜಿ4560ರಲ್ಲಿ 2 ಕೋರ್, 4 ಥ್ರೆಡ್ (ಒಟ್ಟಿಗೆ ಓಡಿಸಬಹುದಾದ ಕೆಲಸದ ಎಳೆ), 3.5 ಗಿಗಾಹರ್ಟ್ಸ್ ವೇಗ, 3 ಎಂಬಿ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ), 54 ವಾಟ್. ಟರ್ಬೊ, ಅಂದರೆ ಅಗತ್ಯ ಬಿದ್ದಾಗ ತಾನಾಗಿ ವೇಗ ಏರಿಸುವ ಬೂಸ್ಟ್, ಇಲ್ಲ. 2023ರ ನವೆಂಬರಿನ ಎಎಂಡಿ ಥ್ರೆಡ್‌ರಿಪ್ಪರ್ 7960ಎಕ್ಸ್‌ನಲ್ಲಿ 24 ಕೋರ್, 48 ಥ್ರೆಡ್, ಬೂಸ್ಟ್ ಆದಾಗ 5.3 ಗಿಗಾಹರ್ಟ್ಸ್, 128 ಎಂಬಿ ಎಲ್3 ಕ್ಯಾಶ್, 350 ವಾಟ್. ಅಮೆರಿಕದಲ್ಲಿ ಬಿಡುಗಡೆಯಾದಾಗ ಮೊದಲನೆಯದರ ಬೆಲೆ 64 ಡಾಲರ್, ಎರಡನೆಯದರದ್ದು 1,499.

ಕೋರ್ 12 ಪಟ್ಟು ಉಂಟು ಎಂದ ಮಾತ್ರಕ್ಕೆ ಕೆಲಸ 12 ಪಟ್ಟು ಬೇಗ ಮುಗಿಯುವುದಿಲ್ಲ. ಒಂದೇ ಕೋರ್‌ನಲ್ಲಿ 60 ನಿಮಿಷ ಹಿಡಿಯುವ ಕೆಲಸದಲ್ಲಿ 12 ನಿಮಿಷದ ಭಾಗವನ್ನು ಹಂಚಲು ಬರುವುದಿಲ್ಲ ಎಂದಿಟ್ಟುಕೊಳ್ಳಿ. ಉಳಿದ 48 ನಿಮಿಷ ಎರಡು ಕೋರ್‌ಗೆ ಹಂಚಿದರೆ 24. ಒಟ್ಟು 36 ನಿಮಿಷ. 24 ಕೋರ್‌ಗೆ ಹಂಚಿದರೆ 2, ಒಟ್ಟು 14. ಕೋರಿನ ವೇಗ ಸಮಾನವಾಗಿದ್ದರೆ ಸಿಕ್ಕಿದ ಲಾಭ ಎರಡೂವರೆ ಪಟ್ಟು ಚಿಲ್ಲರೆ ಅಷ್ಟೆ. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಮುಂದಿಟ್ಟ ಲೆಕ್ಕ ಇದು. ಹೊಸ ಪ್ರೊಸೆಸರಿನ ಒಂದೊಂದು ಕೋರೂ ಹಳೆಯದಕ್ಕಿಂತ ಚುರುಕಾದ್ದರಿಂದ ನಿಜದಲ್ಲಿ ಇನ್ನಷ್ಟು ಲಾಭ ಉಂಟು. ಆದರೆ ಆ ಹಂಚಲಾಗದ 12 ನಿಮಿಷವನ್ನು ಕರಗಿಸುವುದು ಕೋರಿನ ಚುರುಕುತನವೇ ಹೊರತು ಸಂಖ್ಯೆಯಲ್ಲ.

ನಿಮ್ಮ ಕೆಲಸ ಯಾವ ಜಾತಿಯದ್ದು ಎಂದು ಕಂಡುಕೊಳ್ಳಲು ಟಾಸ್ಕ್ ಮ್ಯಾನೇಜರ್ ಸಾಕು. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಪೆಂಟಿಯಂನಲ್ಲಿ ನಾಲ್ಕು ಚೌಕ ಕಾಣುತ್ತವೆ. ನಾಲ್ಕು ಕೋರ್ ಎಂದುಕೊಳ್ಳಬೇಡಿ, ಅವು ಥ್ರೆಡ್ಡುಗಳು. ಈಗ ದಿನನಿತ್ಯದ ಕೆಲಸ ಶುರು ಮಾಡಿ. ಬಳಕೆ 25 ಶೇಕಡದ ಆಸುಪಾಸಿನಲ್ಲೇ ನಿಂತಿದ್ದರೆ ಆ ಸಾಫ್ಟ್‌ವೇರ್ ಒಂದೇ ಥ್ರೆಡ್‌ನಲ್ಲಿ ಓಡುತ್ತಿದೆ. ವಿಂಡೋಸ್ ಆ ಥ್ರೆಡ್ಡನ್ನು ಕೋರಿನಿಂದ ಕೋರಿಗೆ ಓಡಾಡಿಸುವುದರಿಂದ ಒಂದು ಚೌಕ ಮಾತ್ರ ತುಂಬಿರಬೇಕೆಂದಿಲ್ಲ. ಇದೇ ಕೆಲಸ 48 ಥ್ರೆಡ್‌ನ ಮಷೀನಿನಲ್ಲಿ ಬರೀ 2 ಶೇಕಡ ತೋರಿಸುತ್ತದೆ. "ನೋಡಿ, ಎಷ್ಟು ಆರಾಮಾಗಿದೆ" ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ ಮಾರಾಯ್ರೆ, ಪಾಪ ಒಂದು ಕೋರ್ ಏದುಸಿರು ಬಿಡುತ್ತಿರುತ್ತದೆ. ಪೇಜ್‌ಮೇಕರ್‌ನಲ್ಲಿ ನುಡಿ ಅಕ್ಷರ ಹಾಕಿ ಪುಟ ಕಟ್ಟುವ ಕೆಲಸ ಹೆಚ್ಚಾಗಿ ಇದೇ ಜಾತಿಯದ್ದು.

ಡಿಸ್ಕ್ ಗ್ರಾಫ್ 100 ಶೇಕಡಕ್ಕೆ ಅಂಟಿಕೊಂಡಿದ್ದರೆ ಪ್ರೊಸೆಸರ್‌ನ ಮಾತೇ ಬೇಡ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ, ಮತ್ತೆ ನೋಡಿ.

ಹೋಲಿಕೆ ನ್ಯಾಯವಾಗಿರಬೇಕಾದರೆ ಹಳೆಯದನ್ನು ಸ್ವಲ್ಪ ಸರಿಪಡಿಸಬೇಕು. ಪ್ರೊಸೆಸರ್, ಮೆಮೊರಿಯ ವಿವರ ತೋರಿಸುವ ಸಿಪಿಯು-ಝಡ್ ತೆರೆದು ಮೆಮೊರಿ ಟ್ಯಾಬ್ ನೋಡಿ. ಒಂದೇ ರ‍್ಯಾಮ್ ಇದ್ದರೆ ಸಿಂಗಲ್ ಚಾನೆಲ್, ಅಂದರೆ ಪ್ರೊಸೆಸರಿಗೆ ಡೇಟಾ ಹೋಗುವ ದಾರಿ ಒಂದೇ. ಡಿಡಿಆರ್4-2400ರಲ್ಲಿ ಸೆಕೆಂಡಿಗೆ 19.2 ಜಿಬಿ. ಜೋಡಿ ಹಾಕಿದರೆ 38.4. ಥ್ರೆಡ್‌ರಿಪ್ಪರ್‌ಗೆ ನಾಲ್ಕು ಚಾನೆಲ್, ಡಿಡಿಆರ್5-5200ರಲ್ಲಿ 166.4. ಆಮೇಲೆ ಹೀಟ್‌ಸಿಂಕ್. ಎಷ್ಟೋ ವರ್ಷದ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ, ಕಡಲ ಬದಿಯ ಒದ್ದೆ ಗಾಳಿಗೆ ಧೂಳು ಫಿನ್‌ಗಳ ನಡುವೆ ಹೆಪ್ಪುಗಟ್ಟಿರುತ್ತದೆ. ಬ್ರಷ್‌ನಿಂದ ಬಿಡಿಸಿ, ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಕಡಲೆ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ.

ಈಗ ಅಳತೆ. ಫೈಲ್ ಕುಗ್ಗಿಸುವ ಸೆವೆನ್-ಝಿಪ್‌ನ ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಉಂಟು. ಎರಡೂ ಮಷೀನಿನಲ್ಲಿ ಡಿಕ್ಷನರಿ 32 ಎಂಬಿ ಇಟ್ಟು, ಮೊದಲು 1 ಥ್ರೆಡ್, ಮತ್ತೆ ಎಲ್ಲ ಥ್ರೆಡ್ ಹಾಕಿ ಓಡಿಸಿ. ಒಂದು ಥ್ರೆಡ್‌ನ ಅಂಕಿಯೇ ಡಿಟಿಪಿಯವರಿಗೆ ಮುಖ್ಯ. ಸಿನೆಬೆಂಚ್ ಎಂಬ ಇನ್ನೊಂದು ಪರೀಕ್ಷೆ ಬಳಸುವುದಾದರೆ ಆರ್23 ಆರಿಸಿ. 2024ರ ಆವೃತ್ತಿಗೆ ಪ್ರೊಸೆಸರಿನಲ್ಲಿ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಬೇಕು, ಜಿ4560ರಲ್ಲಿ ಅದಿಲ್ಲ. ಒಂದು ಆವೃತ್ತಿಯ ಅಂಕವನ್ನು ಇನ್ನೊಂದರ ಜೊತೆ ಇಡುವುದು ವ್ಯರ್ಥ. ಇದೆಲ್ಲಕ್ಕಿಂತ ನಂಬಬಹುದಾದ್ದು ನಿಮ್ಮದೇ ಫೈಲ್: ಹತ್ತು ನಿಮಿಷದ ಯಕ್ಷಗಾನದ ತುಣುಕನ್ನು ಅದೇ ಸಾಫ್ಟ್‌ವೇರ್, ಅದೇ ಸೆಟ್ಟಿಂಗ್‌ನಲ್ಲಿ ಮೂರು ಸಲ ಎಕ್ಸ್‌ಪೋರ್ಟ್ ಮಾಡಿ. ಮೊದಲ ಸಲದ ಸಮಯ ಬಿಟ್ಟುಬಿಡಿ, ಫೈಲ್ ಮೆಮೊರಿಗೆ ಬರುವ ಮೊದಲಿನದ್ದು ಅದು.

ವಿಡಿಯೋದಲ್ಲೂ ಒಂದು ಸಿಕ್ಕು ಉಂಟು. ವಿಡಿಯೋ ಕುಗ್ಗಿಸುವ ಎಕ್ಸ್265 ಎನ್‌ಕೋಡರ್ ಒಂದು ಫ್ರೇಮನ್ನು 64 ಪಿಕ್ಸೆಲ್ ಎತ್ತರದ ಸಾಲುಗಳಾಗಿ ಹಂಚುತ್ತದೆ. 1080ಪಿಯಲ್ಲಿ ಸಿಗುವುದು 17 ಸಾಲು. 48 ಥ್ರೆಡ್‌ಗೆ ಅದು ಸಾಲದು. ಇದನ್ನು ಬಳಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ಎರಡು ಮೂರು ಫೈಲ್ ಒಟ್ಟಿಗೆ ಓಡಿಸಿದರೆ ಮಾತ್ರ ದುಡ್ಡು ಕೊಟ್ಟ ಕೋರ್‌ಗಳು ದುಡಿಯುತ್ತವೆ. 3ಡಿ ಚಿತ್ರ ಮಾಡುವ ಬ್ಲೆಂಡರ್‌ನ ರೆಂಡರ್‌ಗೆ ಈ ತೊಂದರೆಯಿಲ್ಲ, ಎಷ್ಟು ಕೋರ್ ಕೊಟ್ಟರೂ ನುಂಗುತ್ತದೆ.

ಥ್ರೆಡ್‌ರಿಪ್ಪರ್ ಕೊಳ್ಳುವವರು ಎಡವುವುದು ಸುತ್ತಲಿನ ಸಾಮಾನುಗಳಲ್ಲಿ. 7960ಎಕ್ಸ್‌ನೊಳಗೆ ಗ್ರಾಫಿಕ್ಸ್ ಇಲ್ಲ, ಪೆಂಟಿಯಂನಲ್ಲಿ ಇತ್ತು. ಬೇರೆ ಕಾರ್ಡ್ ಹಾಕದೆ ಮಾನಿಟರ್ ಬೆಳಗದು. ಸಾಧಾರಣ ಡೆಸ್ಕ್‌ಟಾಪ್ ಡಿಡಿಆರ್5 ಆಗದು, ತಪ್ಪು ಸರಿಪಡಿಸಿಕೊಳ್ಳುವ ರಿಜಿಸ್ಟರ್ಡ್ ಇಸಿಸಿ ರ‍್ಯಾಮೇ ಬೇಕು. ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿದೀತು. ನಾಲ್ಕು ಸ್ಟಿಕ್ ಹಾಕದಿದ್ದರೆ ನಾಲ್ಕು ಚಾನೆಲ್ ಸಿಗದು. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ಮೆಮೊರಿಗೆ ಹೊಂದಿಕೊಳ್ಳುವ ಮೆಮೊರಿ ಟ್ರೇನಿಂಗ್‌ಗೆ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಸತ್ತಿತೆಂದು ಸ್ವಿಚ್ ಆಫ್ ಮಾಡಬೇಡಿ.

ಕರೆಂಟಿನ ವಿಷಯ ನಮ್ಮ ಕಡೆ ಹಗುರವಲ್ಲ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್. ಪೆಂಟಿಯಂಗೆ ಧಾರಾಳ, ಇದಕ್ಕೆ ಪ್ರೊಸೆಸರ್ ಒಂದೇ 350 ತಿನ್ನುತ್ತದೆ. ಗ್ರಾಫಿಕ್ಸ್ ಕಾರ್ಡ್ ಸೇರಿಸಿ ವಾಟ್ ಲೆಕ್ಕ ಹಾಕಿ, ಪ್ಯೂರ್ ಸೈನ್ ವೇವ್ ಯುಪಿಎಸ್ ಕೇಳಿ. ಅಗ್ಗದ ಯುಪಿಎಸ್‌ನ ಚೌಕ ಅಲೆಗೆ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವುದನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಕೆಲವೊಮ್ಮೆ ಕರೆಂಟ್ ಹೋದ ಕ್ಷಣದಲ್ಲೇ ಆಫ್ ಆಗುತ್ತದೆ. ತುಲಾ ತಿಂಗಳ ಸಂಜೆ ಗುಡುಗು ಶುರುವಾದರೆ ಪ್ಲಗ್ ಜೊತೆಗೆ ನೆಟ್ ಕೇಬಲನ್ನೂ ಕಳಚಿ. ಬಿಲ್ಲಿನ ಭಯ ಮಾತ್ರ ಅರ್ಧ ಸತ್ಯ: ಪ್ರೊಸೆಸರಿನದ್ದಷ್ಟೇ ಹಿಡಿದರೆ, ಪೆಂಟಿಯಂ 10 ಗಂಟೆ ಹಿಡಿಯುವ ರೆಂಡರ್‌ಗೆ 0.54 ಯುನಿಟ್, ಅದನ್ನೇ ಇದು 1 ಗಂಟೆಯಲ್ಲಿ ಮುಗಿಸಿದರೆ 0.35.

ಇಷ್ಟಾದ ಮೇಲೂ ಹೆಚ್ಚಿನ ಸ್ಟುಡಿಯೋಗಳಿಗೆ ನಾವು ಹೇಳುವುದು ರೈಜನ್ 9 9950ಎಕ್ಸ್ ತರಹದ್ದನ್ನು: 16 ಕೋರ್, 5.7 ಗಿಗಾಹರ್ಟ್ಸ್, 170 ವಾಟ್, ಸಾಧಾರಣ ರ‍್ಯಾಮ್, ಒಳಗೇ ಗ್ರಾಫಿಕ್ಸ್. ಹಲವು ಗ್ರಾಫಿಕ್ಸ್ ಕಾರ್ಡ್ ಅಥವಾ ಅರ್ಧ ಟೆರಾಬೈಟ್ ರ‍್ಯಾಮ್ ಬೇಕಾದವರಿಗೆ ಥ್ರೆಡ್‌ರಿಪ್ಪರ್. ಬರೀ ಡಿಟಿಪಿ ಮಾಡುವವರು ಹಳೆಯ ಬೋರ್ಡಿನಲ್ಲೇ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 4 ಕೋರಿನ ಐ7-7700 ಸೆಕೆಂಡ್ ಹ್ಯಾಂಡ್ ಹಾಕಬಹುದು. ಇಂಟೆಲ್‌ನ ಎಂಟನೇ ತಲೆಮಾರಿನದ್ದು ಅದೇ ಎಲ್‌ಜಿಎ1151 ಸಾಕೆಟ್‌ಗೆ ಕೂತರೂ ಓಡುವುದಿಲ್ಲ. ಆದರೆ ಐ7-7700ಕ್ಕೂ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕ್ ವ್ಯವಹಾರ ಅದೇ ಮಷೀನಿನಲ್ಲಿ ಮಾಡುವವರು ಈ ದಾರಿ ಹಿಡಿಯಬೇಡಿ.